ಸಹಾಯ ಬೇಕು: 'ಒರಿಶಾ'ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ನೈಜೀರಿಯಾದ ಯೊರುಬಾ ಜನರ ಕಥೆಗಳನ್ನು ಮಕ್ಕಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. 'ಒರಿಶಾ' ಎಂದರೆ ದೇವರು ಅನ್ನಲೋ, ದೈವ ಅನ್ನಲೋ? ಅಲ್ಲೇ ಸಿಕ್ಕಿಕೊಂಡಿದ್ದೇನೆ. ಸೃಷ್ಟಿಗೆ ಮೂಲವಾದ ಒಲೊಡುಮಾರೆ ಬೇರೆ. ಆ ಪರಮಶಕ್ತಿಗೂ ಮನುಷ್ಯರಿಗೂ ನಡುವೆ ನಿಂತವರು ಒರಿಶಾಗಳು. ಗುಡುಗಿನ ಶಾಂಗೊ ಹಿಂದೆ ಒಯೊ ರಾಜ್ಯದ ಅರಸನಾಗಿದ್ದನಂತೆ. ಹಾಗಾಗಿ ನಮ್ಮ ತುಳುನಾಡಿನ 'ದೈವ'ವೇ ಹತ್ತಿರ ಅನ್ನಿಸುತ್ತದೆ. ಆದರೆ ನದಿಯೇ ಆಗಿರುವ ಓಶುನ್ ತಾಯಿಗೆ ಆ ಪದ ಒಗ್ಗುತ್ತಿಲ್ಲ.

2005ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಒಶೊಗ್ಬೊ ಊರಿನ ಓಶುನ್ ಬನದಲ್ಲಿ ಆಗಸ್ಟ್ ಹಬ್ಬ ನೋಡಿದವರು, ಇಲ್ಲವೇ ಲಾಗೋಸ್‌ನಲ್ಲಿ ಇದ್ದು ಬಂದವರು ಇಲ್ಲಿ ಯಾರಾದರೂ ಇದ್ದೀರಾ? ಈ ಹೆಸರುಗಳನ್ನು ಅಲ್ಲಿಯವರ ಬಾಯಲ್ಲೇ ಹೇಳಿಸಿ, ದನಿ ಮುದ್ರಿಸಿ ಕಳಿಸಿದರೆ ದೊಡ್ಡ ಉಪಕಾರ. ಮಕ್ಕಳು ತಪ್ಪು ಹೆಸರು ಕಲಿಯಬಾರದು.