ಗೀಸರ್ ನೀರು ಬೇಗ ಕಾಯುತ್ತಿಲ್ಲ, ಕಾಯಿಲ್ ಹೋಗಿದೆಯಾ?

ಕೇಳಿದವರು (ತಿಪಟೂರು ಕಡೆಯ ತೋಟದ ಮನೆ): ನಮ್ಮದು 15 ಲೀಟರ್ ಗೀಸರ್. ಮೇಲೆ 230 ವೋಲ್ಟ್, 2000 ವ್ಯಾಟ್ ಅಂತ ಬರೆದಿದೆ. ಮೊದಲು ಇಪ್ಪತ್ತು ನಿಮಿಷಕ್ಕೆ ನೀರು ಕಾಯುತ್ತಿತ್ತು, ಈಗ ಅರ್ಧ ಗಂಟೆ ಬೇಕು. ರಿಪೇರಿಯವರು ಬಿಚ್ಚಿಯೂ ನೋಡದೆ ಕಾಯಿಲ್ ಬದಲಿಸಿ ಅಂದರು. ಪಕ್ಕದ ಮನೆಯ ಹುಡುಗ ಮೀಟರ್ ಇಟ್ಟು ನೋಡಿದ. ಗೀಸರ್ ಆನ್ ಇದ್ದಾಗ 180 ವೋಲ್ಟ್, 6.8 ಆಂಪ್ಸ್. ಹತ್ತನೇ ತರಗತಿಯ ಮಗಳು ಸೂತ್ರ ಹೇಳುತ್ತಾಳೆ. ಆದರೆ ಬಂದ ಉತ್ತರವನ್ನು ಯಾವುದರ ಜೊತೆ ಹೋಲಿಸಬೇಕು ಅನ್ನೋದು ಇಬ್ಬರಿಗೂ ಗೊತ್ತಿಲ್ಲ.

ನಿವೃತ್ತ ಫಿಸಿಕ್ಸ್ ಮೇಷ್ಟ್ರು: ಮಗಳ ಸೂತ್ರ ಸರಿ. ವೋಲ್ಟನ್ನು ಆಂಪ್ಸಿನಿಂದ ಭಾಗಿಸಿದರೆ ಓಮ್ (ಕಾಯಿಲ್ ಕರೆಂಟಿಗೆ ಒಡ್ಡುವ ತಡೆ, ಅಂದರೆ ರೆಸಿಸ್ಟೆನ್ಸ್), ಗುಣಿಸಿದರೆ ವ್ಯಾಟ್. 180 ÷ 6.8 ಅಂದರೆ 26.5 ಓಮ್. ಹೋಲಿಸಬೇಕಾದ್ದು ಗೀಸರ್ ಮೇಲೆ ಬರೆದಿರುವುದರ ಜೊತೆ. ಅಲ್ಲಿ ಆಂಪ್ಸ್ ಇಲ್ಲ, ಅದು 2000 ÷ 230 ಆಗುತ್ತದೆ. 230ನ್ನು ಅದರಿಂದ ಭಾಗಿಸಬೇಕು, ಹಾಗಾಗಿ 230 × 230 ÷ 2000 ಮಾಡಿ. 26.45 ಓಮ್ ಬರುತ್ತದೆ. ಎರಡೂ ಒಂದೇ ಅಲ್ವಾ? ನಿಮ್ಮ ಕಾಯಿಲ್ ಚೆನ್ನಾಗಿದೆ, ದುಡ್ಡು ಕೊಡಬೇಡಿ.

ಈಗ ವ್ಯಾಟ್ ನೋಡಿ. 180 × 6.8 ಸುಮಾರು 1225. ವೋಲ್ಟೇಜ್ ಇಳಿದರೆ ಆಂಪ್ಸೂ ಇಳಿಯುತ್ತದೆ, ಹಾಗಾಗಿ ವ್ಯಾಟಿಗೆ ಎರಡು ಕಡೆಯಿಂದ ಏಟು. 230ಕ್ಕೆ 180 ಅಂದರೆ ಶೇ. 78, ವ್ಯಾಟ್ ಮಾತ್ರ ಶೇ. 61ಕ್ಕೆ ಬಿದ್ದಿದೆ. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಿಸಲು 2000 ವ್ಯಾಟಿಗೆ 18 ನಿಮಿಷ ಸಾಕು, 1225ಕ್ಕೆ 30 ನಿಮಿಷ. ನೀವು ಹೇಳಿದ ಅರ್ಧ ಗಂಟೆ ಅದೇ. ಮತ್ತೆ ವ್ಯಾಟ್ ಕಡಿಮೆ ಅಂತ ಬಿಲ್ ಕಡಿಮೆ ಬರುವುದಿಲ್ಲ, ಅಷ್ಟೇ ಬಿಸಿಗೆ ಅಷ್ಟೇ ಯೂನಿಟ್.

ಮೈಸೂರಿನ ಡಿಪ್ಲೊಮಾ ವಿದ್ಯಾರ್ಥಿ: ಸರ್ ಹೇಳಿದ್ದು ಗೀಸರಿಗೆ ಸರಿ. ಅದನ್ನೇ ಹಳೆ 100 ವ್ಯಾಟ್ ತಂತಿ ಬಲ್ಬಿಗೆ ಹಾಕಿ ನಾನು ಮೋಸ ಹೋದೆ. ಲೆಕ್ಕದಲ್ಲಿ 529 ಓಮ್, ಬಿಚ್ಚಿಟ್ಟ ಬಲ್ಬಿಗೆ ಮೀಟರ್ ಹಿಡಿದರೆ ಸುಮಾರು 40. ಮೀಟರೇ ಕೆಟ್ಟಿದೆ ಅಂದುಕೊಂಡು ಎರಡು ಸಲ ಸೆಲ್ ಬದಲಿಸಿದೆ! ಟಂಗ್‌ಸ್ಟನ್ ತಂತಿ ಬಿಸಿಯಾದಾಗ ರೆಸಿಸ್ಟೆನ್ಸ್ ಹತ್ತು ಪಟ್ಟಿಗೂ ಜಾಸ್ತಿ ಏರುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕಿದ ಕ್ಷಣದಲ್ಲೇ ಹೋಗುವುದು ಅದಕ್ಕೇ, ತಣ್ಣಗಿದ್ದಾಗ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುತ್ತದೆ. ಗೀಸರಿನ ನೈಕ್ರೋಮ್ ಕಾಯಿಲ್ ಅಷ್ಟು ಬದಲಾಗುವುದಿಲ್ಲ. ಪ್ಲಗ್ ಕಿತ್ತು, ಪ್ಲಗ್ಗಿನ ಪಿನ್‌ಗಳಿಗೆ ಮೀಟರ್ ಹಿಡಿದರೂ 26ರ ಹತ್ತಿರವೇ ತೋರಿಸಬೇಕು. ಪ್ಲಗ್ ಕೀಳದೆ ಓಮ್‌ನಲ್ಲಿಟ್ಟು ಹಿಡಿಯಬೇಡಿ, ಮೀಟರ್ ಸುಟ್ಟು ಕೈಗೂ ಬರುತ್ತದೆ.

ಇಪ್ಪತ್ತು ವರ್ಷದ ವೈರಿಂಗ್ ಕೆಲಸದವನು: ಕಾಯಿಲ್ ಬಿಡಿ. ಆ ವೋಲ್ಟೇಜ್ ಎಲ್ಲಿ ಬೀಳುತ್ತಿದೆ ನೋಡಿ. ಗೀಸರ್ ಆಫ್ ಇದ್ದಾಗ ಸಾಕೆಟ್‌ನಲ್ಲಿ ಎಷ್ಟು? ಆನ್ ಮಾಡಿದಾಗ ಮೀಟರ್ ಬೋರ್ಡಿನಲ್ಲಿ ಎಷ್ಟು?

ಕೇಳಿದವರು: ಆಫ್ ಇದ್ದಾಗ ಸಾಕೆಟ್‌ನಲ್ಲಿ 195. ಆನ್ ಮಾಡಿದರೆ ಅಲ್ಲಿ 180, ಮೀಟರ್ ಹತ್ತಿರ 194. ಮಧ್ಯೆ ಇಪ್ಪತ್ತು ಮೀಟರ್ ವೈರ್, 2.5 ಚದರ ಮಿ.ಮೀ. ದಪ್ಪದ ತಾಮ್ರ.

ವೈರಿಂಗ್ ಕೆಲಸದವನು: ಸಿಕ್ಕಿತು. ಲೈನಲ್ಲೇ ವೋಲ್ಟೇಜ್ ಕಡಿಮೆ, ಅದು ಬೇರೆ ವಿಷಯ. ಆದರೆ ಮನೆಯೊಳಗೇ 14 ವೋಲ್ಟ್ ಕಳೆದುಹೋಗುತ್ತಿದೆ. 14 ÷ 6.8 ಅಂದರೆ 2 ಓಮ್. ಹೋಗಿ ಬರೋ ನಲವತ್ತು ಮೀಟರ್ 2.5 ವೈರಿಗೆ 0.3 ಓಮ್ ಬರಬೇಕು ಅಷ್ಟೇ. ಮಿಕ್ಕಿದ್ದು ಯಾವುದೋ ಲೂಸ್ ಕಾಂಟ್ಯಾಕ್ಟ್. 14 × 6.8, ಹತ್ತಿರ ಹತ್ತಿರ 95 ವ್ಯಾಟ್ ದಾರಿಯಲ್ಲೇ ಉರಿಯುತ್ತಿದೆ, ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಒಂದು ಸ್ಕ್ರೂ ಬುಡದಲ್ಲಿ. ಇವತ್ತೇ ಮೇನ್ ಆಫ್ ಮಾಡಿಸಿ ಸಾಕೆಟ್ ಬಿಚ್ಚಿಸಿ. ನಾನು ನೋಡಿದ ಸುಟ್ಟ ಬೋರ್ಡುಗಳಲ್ಲಿ ಹೆಚ್ಚಿನವು ಹೀಗೇ ಶುರುವಾದವು.

ಹಾವೇರಿಯ ರೈತ: ಒಂದು ಮಾತು. ಈ ಲೆಕ್ಕ ನೋಡಿ ಯಾರೂ ಮೋಟಾರಿಗೆ ಹಾಕಬೇಡಿ. ನನ್ನ 1 ಎಚ್‌ಪಿ ಪಂಪು 230ಕ್ಕೆ 7 ಆಂಪ್ಸ್ ತೋರಿಸುತ್ತದೆ, ಗುಣಿಸಿದರೆ 1610. ಆದರೆ ಕರೆಂಟ್ ಮೀಟರ್ ಪ್ರಕಾರ ಸುಮಾರು 1100 ವ್ಯಾಟ್. ಮೋಟಾರಿಗೆ ಪವರ್ ಫ್ಯಾಕ್ಟರ್ ಇರುತ್ತದೆ, ಅಂದರೆ ವೋಲ್ಟ್, ಆಂಪ್ಸ್ ಗುಣಿಸಿದ್ದರಲ್ಲಿ ಒಂದು ಪಾಲು ಮಾತ್ರ ನಿಜವಾದ ವ್ಯಾಟ್. ಇನ್ನೊಂದು, ಕ್ಲಾಂಪ್ ಮೀಟರನ್ನು (ವೈರನ್ನು ಹೊರಗಿನಿಂದ ಸುತ್ತಿ ಹಿಡಿದು ಆಂಪ್ಸ್ ತೋರಿಸುವ ಮೀಟರ್) ಒಂದೇ ವೈರಿಗೆ ಹಾಕಿ. ಎರಡೂ ವೈರ್ ಸೇರಿಸಿ ಹಾಕಿದರೆ ಸೊನ್ನೆ ಬರುತ್ತದೆ. ನಾನು ಅರ್ಧ ದಿನ ಹಾಗೇ ತಲೆ ಕೆರೆದುಕೊಂಡಿದ್ದೆ.

ಹುಬ್ಬಳ್ಳಿಯ ಗೃಹಿಣಿ: ನನ್ನ ಹತ್ತಿರ ಯಾವ ಮೀಟರೂ ಇಲ್ಲ. ಬೇರೆಲ್ಲ ಆಫ್ ಮಾಡಿ, ಕರೆಂಟ್ ಮೀಟರಿನ ಕೆಂಪು ದೀಪ ನಿಮಿಷಕ್ಕೆ ಎಷ್ಟು ಸಲ ಮಿನುಗುತ್ತದೆ ಅಂತ ಎಣಿಸುತ್ತೇನೆ. ನಮ್ಮ ಮೀಟರ್ ಮೇಲೆ ಯೂನಿಟ್ಟಿಗೆ 3200 ಅಂತಿದೆ. ಎಣಿಸಿದ್ದನ್ನು 60ರಿಂದ ಗುಣಿಸಿ 3200ರಿಂದ ಭಾಗಿಸಿದರೆ ಕಿಲೋವ್ಯಾಟ್. ನಿಮ್ಮ ಮೀಟರ್ ಮೇಲೆ ಬೇರೆ ಸಂಖ್ಯೆ ಇರಬಹುದು, ನೋಡಿಕೊಳ್ಳಿ.

ಕೇಳಿದವರು: ಸಾಕೆಟ್ ಬಿಚ್ಚಿಸಿದೆ. ನ್ಯೂಟ್ರಲ್ ಸ್ಕ್ರೂ ಅಲ್ಲಾಡುತ್ತಿತ್ತು, ಪ್ಲಾಸ್ಟಿಕ್ ಕರಗಿ ಕಪ್ಪಾಗಿತ್ತು. ವೈರಿನ ತುದಿ ಕತ್ತರಿಸಿ ಹೊಸ 16 ಆಂಪ್ಸ್ ಸಾಕೆಟ್ ಹಾಕಿದರು. ಈಗ ಆನ್ ಇದ್ದಾಗ 192 ವೋಲ್ಟ್, 7.25 ಆಂಪ್ಸ್. ಮಗಳು ಭಾಗಿಸಿ ಮತ್ತೆ 26.5 ಓಮ್ ಅಂದಳು, ಆಮೇಲೆ ಹೊರಗೆ ನಿಂತು ದೀಪ ಎಣಿಸಿದಳು. ನಮ್ಮದೂ 3200ರದ್ದೇ. ನಿಮಿಷಕ್ಕೆ 75 ಸಲ, ಅಂದರೆ ಸುಮಾರು 1400 ವ್ಯಾಟ್. ನೀರು ಇಪ್ಪತ್ತಾರು ನಿಮಿಷಕ್ಕೆ ಕಾದಿತು. ಲೈನಿನ 195ರ ಬಗ್ಗೆ ಒಂದು ವಾರ ಬೆಳಿಗ್ಗೆ, ಸಂಜೆ ವೋಲ್ಟೇಜ್ ಬರೆದಿಟ್ಟು ಅರ್ಜಿ ಕೊಡುತ್ತೇನೆ.