ಕಡಲೇರಿ ಊರು ಬಿಡುವವರು ‘ನಿರಾಶ್ರಿತ’ರೇ? ಬೇರೆ ಪದ ಇದೆಯೇ?

ಎಲ್ಲರಿಗೂ ನಮಸ್ಕಾರ.

ಒಂದು ಅನುವಾದ ಹಿಡಿದು ಮೂರು ದಿನದಿಂದ ಒಂದೇ ಪದದ ಮುಂದೆ ಕೂತಿದ್ದೇನೆ. ನಿಮ್ಮ ನೆರವು ಬೇಕು.

ಲೇಖನ ಟುವಾಲು ದೇಶದ ಬಗ್ಗೆ. ಪೆಸಿಫಿಕ್ ಸಾಗರದ ನಡುವೆ ಒಂಬತ್ತು ಪುಟ್ಟ ದ್ವೀಪಗಳು. ಜನ ಹೆಚ್ಚೂಕಮ್ಮಿ ಹತ್ತು ಸಾವಿರ. ಕಡಲು ಮೇಲೇರುತ್ತಿದೆ. 2023ರ ನವೆಂಬರಿನಲ್ಲಿ ಆಸ್ಟ್ರೇಲಿಯ ಇವರ ಜೊತೆ ಒಂದು ಒಪ್ಪಂದಕ್ಕೆ ಸಹಿ ಹಾಕಿತು. ಮರುವರ್ಷ ಆಗಸ್ಟಿನಲ್ಲಿ ಅದು ಜಾರಿಗೆ ಬಂತು. ವರ್ಷಕ್ಕೆ 280 ಮಂದಿಗೆ ಆಸ್ಟ್ರೇಲಿಯದಲ್ಲಿ ಖಾಯಮ್ಮಾಗಿ ಇರಲು ವೀಸಾ. ಯಾರಿಗೆ ಅಂತ ಚೀಟಿ ಎತ್ತಿ ಆರಿಸುತ್ತಾರೆ. ಹೋದವರು ಓದಬಹುದು, ದುಡಿಯಬಹುದು, ಬೇಕೆಂದಾಗ ಊರಿಗೆ ಹೋಗಿಬರಬಹುದು. ಸುಮ್ನೆ ಕೊಟ್ಟದ್ದೇನಲ್ಲ ಬಿಡಿ. ಟುವಾಲು ಬೇರೆ ದೇಶದ ಜೊತೆ ರಕ್ಷಣೆಯ ಒಪ್ಪಂದ ಮಾಡಿಕೊಳ್ಳಬೇಕಾದರೆ ಆಸ್ಟ್ರೇಲಿಯ ಒಪ್ಪಬೇಕು.

ಈ ಜನರಿಗೆ ಮೊದಲ ಕರಡಿನಲ್ಲಿ ‘ಹವಾಮಾನ ನಿರಾಶ್ರಿತರು’ ಎಂದು ಬರೆದೆ. ಕೈ ಬರೆಯಿತು, ಮನಸ್ಸು ಒಪ್ಪಲಿಲ್ಲ. 1951ರ ವಿಶ್ವಸಂಸ್ಥೆಯ ಒಡಂಬಡಿಕೆಯ ಪ್ರಕಾರ ರೆಫ್ಯೂಜಿ ಎಂದರೆ ಜನಾಂಗ, ಧರ್ಮ, ರಾಷ್ಟ್ರೀಯತೆ, ಗುಂಪು ಅಥವಾ ರಾಜಕೀಯ ಅಭಿಪ್ರಾಯದ ಕಾರಣಕ್ಕೆ ಕಿರುಕುಳಕ್ಕೆ ಹೆದರಿ ದೇಶ ಬಿಟ್ಟವನು. ಕಡಲಿಗೆ ಹೆದರಿದವನ ಹೆಸರು ಆ ಸಾಲಿನಲ್ಲಿಲ್ಲ. ಪಕ್ಕದ ಕಿರಿಬಾಟಿಯ ಒಬ್ಬರು ಇದೇ ಕಾರಣ ಹೇಳಿ ನ್ಯೂಜಿಲೆಂಡಿನಲ್ಲಿ ರೆಫ್ಯೂಜಿ ಆಗಲು ಕೇಳಿದ್ದರು. ಅಲ್ಲಿನ ಸುಪ್ರೀಂ ಕೋರ್ಟು 2015ರಲ್ಲಿ ಒಪ್ಪಲಿಲ್ಲ. ವಾಪಸ್ ಕಳಿಸಿದರು. ಇನ್ನು ದ್ವೀಪದ ಜನರಿಗೂ ಈ ಹೆಸರು ಇಷ್ಟವಿಲ್ಲ. ಕಿರಿಬಾಟಿಯ ಅಧ್ಯಕ್ಷರಾಗಿದ್ದ ಅನೋಟೆ ಟಾಂಗ್ ‘ಘನತೆಯ ವಲಸೆ’ ಎಂಬ ಮಾತನ್ನೇ ಹಿಡಿದು ಹೊರಟವರು.

ಅದು ಅವರ ಕಾನೂನಿನ ತೊಡಕು. ನಮ್ಮ ‘ನಿರಾಶ್ರಿತ’ಕ್ಕೆ ಬೇರೆಯದೇ ತೊಡಕಿದೆ. ಬೈಲಕುಪ್ಪೆಯ ಟಿಬೆಟನ್ನರೂ ನಿರಾಶ್ರಿತರು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ಭಿಕ್ಷುಕರನ್ನು ಇಡುವ ಜಾಗವೂ ನಿರಾಶ್ರಿತರ ಪರಿಹಾರ ಕೇಂದ್ರ. ಹಿಂದಿಯವರು ಶರಣಾರ್ಥಿ ಅಂದು ಪಾರಾಗುತ್ತಾರೆ. ನಮಗೆ ಆ ದಾರಿ ಇಲ್ಲ. ನಮ್ಮ ಕಡೆ ಎದುರಿಗೆ ಸಿಕ್ಕವರೆಲ್ಲ ‘ಶರಣು ಶರಣಾರ್ಥಿ’ ಅನ್ನುತ್ತಾರಲ್ವಾ!

ನನಗೆ ಈ ಪದದ ಮೇಲೆ ಮುನಿಸು ಹುಟ್ಟಿದ್ದು ಟುವಾಲುವಿನಿಂದಲ್ಲ. ನಮ್ಮ ಸೋದರತ್ತೆಯ ಊರು ರೋಣ ತಾಲ್ಲೂಕಿನಲ್ಲಿ, ಮಲಪ್ರಭೆಯ ದಂಡೆಗೆ. 2019ರ ಆಗಸ್ಟಿನಲ್ಲಿ ಅವರೆಲ್ಲ ಒಂದು ಶಾಲೆಯಲ್ಲಿ ಇಳಿದುಕೊಂಡಿದ್ದರು. 10,000 ರೂಪಾಯಿ ತುರ್ತು ಪರಿಹಾರಕ್ಕೆ ಹೆಸರು ಬರೆದುಕೊಳ್ಳಲು ಬಂದ ಹುಡುಗ ಹಾಳೆಯ ತಲೆಗೆ ‘ನಿರಾಶ್ರಿತರ ಪಟ್ಟಿ’ ಎಂದು ಬರೆದ. ಅತ್ತೆಯ ಮಡಿಲಲ್ಲಿ ಹೊಲದ ಉತಾರ (ಪಹಣಿ) ಇಟ್ಟ ಪ್ಲಾಸ್ಟಿಕ್ ಚೀಲ, ಬೆನ್ನಿಗೆ ಅರ್ಧ ನೆಂದ ಜೋಳದ ಚೀಲ. ‘ತಮ್ಮಾ, ನಿರಾಶ್ರಿತರು ಅಂತ ಯಾರಿಗೆ ಬರದೀ? ಮನಿ ಐತಿ, ಹೊಲ ಐತಿ. ಹೊಳಿ ಬಂದೈತಿ, ಅಷ್ಟ’ ಅಂದರು. ಹುಡುಗ ನಕ್ಕು ಹೆಬ್ಬೆಟ್ಟು ಒತ್ತಿಸಿಕೊಂಡ. ಅತ್ತೆಗೆ ಸಹಿ ಬರುತ್ತದೆ.

ಅವರ ‘ಹೊಳಿ ಬಂತು’ ನೋಡಿ. ಪ್ರವಾಹ, ನೆರೆ ಎಲ್ಲ ಪೇಪರಿನ ಮಾತು. ಅಲ್ಲಿ ಹೊಳೆ ಬರುತ್ತದೆ, ಹೋಗುತ್ತದೆ, ನೆಂಟರ ಹಾಗೆ.

2009ರಲ್ಲೂ ಬಂದಿತ್ತು. ಆಮೇಲೆ ಸರ್ಕಾರ ದಾನಿಗಳನ್ನು ಕೂಡಿಸಿಕೊಂಡು ಹೊಸ ಜಾಗದಲ್ಲಿ ಮನೆ ಕಟ್ಟಿಸಿತು. ಯೋಜನೆಯ ಹೆಸರು ‘ಆಸರೆ’. ಇದು ‘ಆಶ್ರಯ’ದ ತದ್ಭವ. ಅಂದರೆ ಅತ್ತೆಗೆ ಆಸರೆಯೂ ಸಿಕ್ಕಿತ್ತು, ಹತ್ತು ವರ್ಷದ ಮೇಲೆ ನಿರಾಶ್ರಿತರೂ ಆದರು! ಕಾರಣ ಇಷ್ಟೇ: ಹೊಸ ಮನೆಯಲ್ಲಿ ಎಮ್ಮೆ ಕಟ್ಟಲು, ಬಣವೆ ಒಟ್ಟಲು ಜಾಗವಿಲ್ಲ. ಹೊಲವೂ ದೂರ. ಹಳೇ ಊರಿಗೇ ವಾಪಸ್ ಹೋಗಿದ್ದರು.

ಹಾಗಾದರೆ ‘ಸಂತ್ರಸ್ತ’? ಮೂಲದಲ್ಲಿ ಹೆದರಿ ನಡುಗಿದವನು ಎಂದರ್ಥ. ಈಗ ಸರ್ಕಾರಿ ಕನ್ನಡದಲ್ಲಿ ಎಲ್ಲ ಕಷ್ಟಕ್ಕೂ ಅದೇ. ಅದರ ಮೇಲೆ ಹೆಣ್ಣುರೂಪ ‘ಸಂತ್ರಸ್ತೆ’ಯನ್ನು ಪೇಪರಿನವರು ಅತ್ಯಾಚಾರದ ಸುದ್ದಿಗೆ ಎಷ್ಟು ಬಳಸಿದ್ದಾರೆಂದರೆ, ನೀರಲ್ಲಿ ಮನೆ ಕಳೆದುಕೊಂಡ ಹೆಂಗಸಿನ ಬಗ್ಗೆ ಅದನ್ನು ಬರೆಯಲು ಕೈ ಹಿಂಜರಿಯುತ್ತದೆ.

‘ವಲಸೆ’ ಆಗಬಹುದಿತ್ತು. ದಂಡು ಬರುತ್ತದೆಂದು ಹೆದರಿ ಊರು ಬಿಟ್ಟು ಓಡುವುದೇ ಅದರ ಹಳೆಯ ಅರ್ಥ. ದಂಡಿನ ಬದಲು ಕಡಲು ಅಂದುಕೊಂಡರೆ ಸರಿಹೋಯಿತು. ಆದರೆ ಈಗ ವಲಸೆ ಅಂದ ಕೂಡಲೇ ಹಕ್ಕಿ, ಇಲ್ಲವೇ ಪಕ್ಷ ಬಿಡುವ ಶಾಸಕ ಕಣ್ಣಿಗೆ ಬರುತ್ತಾರೆ. ಹೋಗುವವನ ಇಷ್ಟವೇ ಅದರಲ್ಲಿ ಜಾಸ್ತಿ. ‘ಗುಳೆ’ಯಲ್ಲಿ ಕಷ್ಟವಿದೆ, ಆದರೆ ಗುಳೆ ಹೋದವರು ಮಳೆ ಬಿದ್ದರೆ ಮರಳಿ ಬರುತ್ತಾರೆ.

ಕನ್ನಡ ಒಂದು ಕಡೆ ಬಹಳ ಚೊಕ್ಕವಾಗಿದೆ. ಲಿಂಗನಮಕ್ಕಿ, ಆಲಮಟ್ಟಿಯ ನೀರು ಬಂದರೆ ‘ಮುಳುಗಡೆ’. ಮಳೆಯ ನೀರು ಬಂದರೆ ‘ನೆರೆ’. ಅದೇ ನೀರು, ಅದೇ ಗೋಡೆ. ಮುಳುಗಡೆಯವರನ್ನು ಸರ್ಕಾರವೇ ಎಬ್ಬಿಸಿದ್ದು, ಹಾಗಾಗಿ 2013ರ ಭೂಸ್ವಾಧೀನ ಕಾಯ್ದೆಯಲ್ಲಿ ಅಂಥವರಿಗೆ ಪುನರ್ವಸತಿ ಒಂದು ಹಕ್ಕು. ನೆರೆಯವರಿಗೆ ಆ ಕಾಯ್ದೆ ಇಲ್ಲ, ಅವರಿಗೆ ‘ಪರಿಹಾರ’. ದುಡ್ಡಿಗೂ ಪರಿಹಾರ ಅಂತೀವಿ, ಸಮಸ್ಯೆ ಬಗೆಹರಿಯುವುದಕ್ಕೂ ಪರಿಹಾರ ಅಂತೀವಿ. ಒಂದನ್ನು ಕೊಟ್ಟರೆ ಇನ್ನೊಂದೂ ಆಯಿತು ಎಂದು ಕಚೇರಿಯವರಿಗೆ ಅನ್ನಿಸುವುದು ಸಹಜ. 15ನೇ ಹಣಕಾಸು ಆಯೋಗ ನದಿಕೊರೆತದಿಂದ ನೆಲೆ ಹೋದವರನ್ನು ಬೇರೆಡೆ ಕೂರಿಸಲು 2021ರಿಂದ 2026ರ ಅವಧಿಗೆ 1,000 ಕೋಟಿ ರೂಪಾಯಿ ತೆಗೆದಿಡಲು ಹೇಳಿತು. ಅಷ್ಟಾದರೂ ಹೊಸದು. ಅವರಿಗೂ ಕನ್ನಡದಲ್ಲಿ ಹೆಸರಿಲ್ಲ ಅನ್ನಿ.

ನನಗೆ ಹೊಳೆದ ಎರಡು ಪದ ಹೇಳುತ್ತೇನೆ. ‘ನೆಲೆ ತಪ್ಪಿದವರು’ ಎಂದರೆ ತಪ್ಪು ಅವರದೇ ಎಂಬ ಧ್ವನಿ ಬರುತ್ತದೆ, ಬೇಡ. ‘ಒಕ್ಕಲೆದ್ದವರು’ ಹೇಗೆ? ಒಕ್ಕಲೆಬ್ಬಿಸುವುದು ಎಲ್ಲರಿಗೂ ಗೊತ್ತು. ಎಬ್ಬಿಸಿದ್ದು ಜಮೀನ್ದಾರನೋ ಕಡಲೋ ಎಂದು ಪದ ಹೇಳುವುದಿಲ್ಲ. ಮನೆ, ಹೊಲ, ದನ ಎಲ್ಲ ಸೇರಿ ಎದ್ದು ಹೋದ ಚಿತ್ರ ಮಾತ್ರ ಬರುತ್ತದೆ. ನನ್ನ ಒಲವು ಇದರ ಕಡೆಗೇ. ಆದರೆ ಸಂಪಾದಕರು ‘ಹಳ್ಳಿ ಮಾತಾಯ್ತು’ ಎನ್ನುತ್ತಾರೆ.

ಇನ್ನೊಂದು ಪೇಚು ಒಪ್ಪಂದದ ಹೆಸರಿನದು. ಅವರು ಅದಕ್ಕೆ ‘ಫಲೆಪಿಲಿ’ ಎಂದು ಟುವಾಲು ಮಾತನ್ನೇ ಇಟ್ಟಿದ್ದಾರೆ. ಪಕ್ಕದ ಮನೆಯವರನ್ನು ನಮ್ಮವರಂತೆ ನೋಡಿಕೊಳ್ಳುವುದು ಎಂದು ಅರ್ಥ. ನಮ್ಮಲ್ಲಿ ಅದು ‘ನೆರೆಹೊರೆ’ಯ ನೆರೆ. ನೀರೇರುವುದಕ್ಕೂ ಅದೇ ನೆರೆ! ‘ನೆರೆ ಒಪ್ಪಂದ’ ಎಂದು ಬರೆಯಲು ಬೆರಳು ತುರಿಸುತ್ತಿದೆ. ಓದುವವರು ತಮಾಷೆ ಅಂದುಕೊಂಡಾರೇ ಎಂಬ ಭಯವೂ ಇದೆ.

‘ಒಕ್ಕಲೆದ್ದವರು’ ನಿಮ್ಮ ಕಡೆ ಕಿವಿಗೆ ಬಿದ್ದಿದೆಯಾ? 2018ರಲ್ಲಿ ಕೊಡಗಿನಲ್ಲಿ ಗುಡ್ಡದ ಬರೆ ಕುಸಿದು ಮನೆ ಹೋದವರು, ಈಗ ಜಂಬೂರು, ಮದೆನಾಡಿನ ಹೊಸ ಮನೆಗಳಲ್ಲಿರುವವರು ತಮ್ಮನ್ನು ಏನೆಂದು ಹೇಳಿಕೊಳ್ಳುತ್ತಾರೆ? ಪೇಪರಿನ ಪದ ಬೇಡ, ಅವರ ಬಾಯಿಯದು ಬೇಕು. ತುಳುವಿನಲ್ಲಿ ನೆರೆಗೆ ಬೊಳ್ಳ ಅನ್ನುತ್ತಾರೆ, ಬೊಳ್ಳಕ್ಕೆ ಊರು ಬಿಟ್ಟವರಿಗೂ ಒಂದು ಹೆಸರಿದ್ದರೆ ತಿಳಿಸಿ. ಸೋಮವಾರ ಬೆಳಿಗ್ಗೆ ಲೇಖನ ಒಪ್ಪಿಸಬೇಕು.