ಪುಟ್ಟಿ, ಮಸ್ಕತ್‌ಗೆ ಹೊರಡುವ ಮೊದಲು ಇದನ್ನು ಪೂರ್ತಿ ಕೇಳು

ಪುಟ್ಟಿ, ಮನೆಯವರ ಗುಂಪಿನಲ್ಲಿ ನೀನು ಹಾಕಿದ ಪ್ರಶ್ನೆಯನ್ನು ಬೆಳಿಗ್ಗೆಯೇ ನೋಡಿದೆ. ಇಷ್ಟೆಲ್ಲ ಬೆರಳಿನಲ್ಲಿ ಒತ್ತಿ ಬರೆಯಲು ನನ್ನ ಕಣ್ಣಿಗೆ ಆಗುವುದಿಲ್ಲ, ಅದಕ್ಕೆ ಬಾಯಿಮಾತಿನಲ್ಲೇ ಹೇಳುತ್ತಿದ್ದೇನೆ. ಉದ್ದವಾಯಿತೆಂದು ಅರ್ಧಕ್ಕೆ ನಿಲ್ಲಿಸಬೇಡ. ಡಿಸೆಂಬರ್ ರಜೆಯಲ್ಲಿ ಒಮಾನ್‌ಗೆ ಹೊರಟಿದ್ದೇವೆ, ಜೊತೆಗೆ ಅತ್ತೆ ಇದ್ದಾರೆ, ಇಬ್ಬರು ಮಕ್ಕಳಿದ್ದಾರೆ, ಮರುಭೂಮಿಯ ದೇಶವಾದ್ದರಿಂದ ಬಿಸಿಲಿಗೆ, ನೀರಿಲ್ಲದೆ ಮಕ್ಕಳಿಗೆ ಏನಾದರೂ ಆದರೆ ಎಂದು ಹೆದರಿಕೆಯಾಗುತ್ತಿದೆ, ಅಲ್ಲಿ ನೋಡಲೇಬೇಕಾದದ್ದು ಏನು ಎಂದು ಕೇಳಿದ್ದೀಯ. ಮೇಲ್ಮನೆ ಅತ್ತಿಗೆ ಕೂಡಲೇ "ಒಂಟೆ ಹತ್ತಿ, ಫೋಟೊ ಹಾಕಿ" ಎಂದು ಬರೆದರು. ಬೆಂಗಳೂರಿನ ತಮ್ಮ ಹೆಬ್ಬೆರಳಿನ ಚಿತ್ರ ಹಾಕಿ ಸುಮ್ಮನಾದ. ಮಕ್ಕಳನ್ನು ಕಟ್ಟಿಕೊಂಡು ಆ ದೇಶದಲ್ಲಿ ಸಂಸಾರ ಮಾಡಿದವಳು ನಾನು. ಆದ್ದರಿಂದ ನನ್ನ ಮಾತೂ ಇರಲಿ.

ಬಿಸಿಲಿನ ಭಯ ಬಿಡು. ಡಿಸೆಂಬರಿನಲ್ಲಿ ಮಸ್ಕತ್ ನಮ್ಮ ಉಡುಪಿಗಿಂತ ತಂಪಾಗಿರುತ್ತದೆ. ಮರಳುಗಾಡಿನಲ್ಲಿ ರಾತ್ರಿ ಸ್ವೆಟರ್ ಇಲ್ಲದೆ ಕುಳಿತುಕೊಳ್ಳಲು ಆಗುವುದಿಲ್ಲ. ಕುಡಿಯುವ ನೀರಿನ ಬಾಟಲಿ ಪೆಟ್ರೋಲ್ ಬಂಕಿನಲ್ಲೆಲ್ಲ ಸಿಗುತ್ತದೆ. ನೀನು ನೀರಿಲ್ಲದ್ದಕ್ಕೆ ಹೆದರುತ್ತಿದ್ದೀಯ, ನನಗೆ ಆ ದೇಶದಲ್ಲಿ ಹೆದರಿಕೆ ಇರುವುದು ನೀರು ಬಂದರೆ. ಇದನ್ನು ಅಳಿಯಂದಿರಿಗೂ ಕೇಳಿಸು, ಕಾರು ಓಡಿಸುವವರು ಅವರು.

ದೊಡ್ಡಪ್ಪ ಆಗ ಮಸ್ಕತ್‌ನ ರೂವಿಯಲ್ಲಿ ಕೆಲಸದಲ್ಲಿದ್ದರು, ಅದು ನಿಮಗೆಲ್ಲ ಗೊತ್ತೇ ಇದೆ. ನಿಮ್ಮ ಅಣ್ಣ ಆಗ ಒಂದನೆಯ ತರಗತಿ, ಅಕ್ಕ ಇನ್ನೂ ಸೊಂಟದ ಮೇಲಿನ ಕೂಸು. ಒಂದು ರಜೆಯ ದಿನ ಕಚೇರಿಯ ಗೆಳೆಯರ ಕುಟುಂಬಗಳೊಂದಿಗೆ ರುಸ್ತಾಕ್ ದಾಟಿ ಒಂದು ವಾದಿಗೆ ಹೋಗಿದ್ದೆವು. ಬೆಟ್ಟಗಳ ನಡುವಿನ ಒಣ ಹೊಳೆಯ ಪಾತ್ರವನ್ನು ಅಲ್ಲಿ ವಾದಿ ಎನ್ನುತ್ತಾರೆ. ಉದ್ದಕ್ಕೂ ಬಿಳಿಯ ಉರುಟು ಕಲ್ಲು, ಅಲ್ಲಲ್ಲಿ ಮೊಣಕಾಲುದ್ದದ ಹಸಿರು ನೀರಿನ ಗುಂಡಿ, ಅಂಚಿನಲ್ಲಿ ಖರ್ಜೂರದ ತೋಟ. ಪುಳಿಯೋಗರೆ, ಮೊಸರನ್ನ ಬಿಚ್ಚಿ ಇಟ್ಟಿದ್ದೆವು. ಮಕ್ಕಳು ಗುಂಡಿಯಲ್ಲಿ ಆಡುತ್ತಿದ್ದರು. ಗೆಳೆಯರೊಬ್ಬರು ಹೊಸ ಕಾರನ್ನು ಹೊಳೆಯ ಪಾತ್ರಕ್ಕೇ ಇಳಿಸಿ, ಬಂಡೆಯೊಂದರ ನೆರಳಿನಲ್ಲಿ ನಿಲ್ಲಿಸಿದ್ದರು. ನಮ್ಮ ತಲೆಯ ಮೇಲೆ ಒಂದು ಚೂರು ಮೋಡವಿರಲಿಲ್ಲ. ದೂರದಲ್ಲಿ ಬೆಟ್ಟದ ನೆತ್ತಿ ಮಾತ್ರ ಕಪ್ಪಾಗಿತ್ತು. ಅದು ಬೆಟ್ಟದ ನೆರಳು ಎಂದೇ ನಾವೆಲ್ಲ ತಿಳಿದಿದ್ದೆವು.

ಆಗ ಮೇಲಿನ ದಾರಿಯಲ್ಲಿ ಆಡು ಕಾಯುತ್ತಿದ್ದ ಒಬ್ಬ ಮುದುಕರು ಕೈ ಬೀಸಿ ಕೂಗತೊಡಗಿದರು. ತಮ್ಮ ತೋಟಕ್ಕೆ ಬಂದೆವೆಂದು ಬೈಯುತ್ತಿದ್ದಾರೆ ಎಂದು ಯಾರೋ ಅಂದರು. ದೊಡ್ಡಪ್ಪನಿಗೆ ಅಷ್ಟಿಷ್ಟು ಅರಬ್ಬಿ ಬರುತ್ತಿತ್ತು. ಏನು ಕೇಳಿಸಿತೋ, ಅಣ್ಣನ ತೋಳು ಹಿಡಿದು ಎಳೆದುಕೊಂಡು ಮೇಲಕ್ಕೆ ಓಡಿದರು. ನಾನು ಕೂಸನ್ನು ಎದೆಗೆ ಒತ್ತಿಕೊಂಡು ಹಿಂದೆ ಓಡಿದೆ. ಚಪ್ಪಲಿ ಅಲ್ಲೇ ಉಳಿಯಿತು. ನಾವು ಮೇಲಿನ ಕಟ್ಟೆ ಮುಟ್ಟುವುದರೊಳಗೆ ಕೆಳಗಿನಿಂದ ಗುಡುಗು ನೆಲದಲ್ಲಿ ಉರುಳಿದ ಹಾಗೆ ಸದ್ದು ಬಂತು. ಆಮೇಲೆ ನೀರು ಬಂತು. ಬಂದದ್ದು ನೀರಿನ ಬಣ್ಣದ್ದಲ್ಲ, ಕೆಸರು, ಕಲ್ಲು, ಬುಡಸಮೇತ ಕಿತ್ತ ಖರ್ಜೂರದ ಮರ, ಎಲ್ಲ ಒಟ್ಟಿಗೆ ಬಂತು. ಬುತ್ತಿ, ಚಾಪೆ, ಕಾರು ಎಲ್ಲ ಹೋಯಿತು. ಕಾರು ಒಮ್ಮೆ ತಿರುಗಿ ಮಗುಚಿದ್ದನ್ನು ಕಂಡೆವು, ಮತ್ತೆ ಕಾಣಲಿಲ್ಲ. ಅದರಲ್ಲಿ ಪಾಸ್‌ಪೋರ್ಟ್ ಇದೆ ಎಂದು ಆ ಗೆಳೆಯರು ಇಳಿಯಲು ಹೊರಟಾಗ ಮುದುಕರು ಅವರ ಅಂಗಿಯ ಕೊರಳನ್ನು ಹಿಡಿದು ಕೆಡವಿದರು. ಕೆಡವಿ ಕುಳ್ಳಿರಿಸಿದ್ದಕ್ಕೆ ಆ ಗೆಳೆಯರ ಹೆಂಡತಿ ಅವರ ಜೊತೆಗೇ ಇವತ್ತು ಮೊಮ್ಮಕ್ಕಳನ್ನು ಕಂಡಿದ್ದಾರೆ. ಆ ರಾತ್ರಿ ಮುದುಕರು ನಮ್ಮನ್ನೆಲ್ಲ ತಮ್ಮ ಮನೆಯಲ್ಲೇ ಮಲಗಿಸಿಕೊಂಡರು. ಖರ್ಜೂರ, ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಖಹ್ವಾ, ಮಕ್ಕಳಿಗೆ ಆಡಿನ ಹಾಲು ಕೊಟ್ಟರು. ನಮ್ಮ ಭಾಷೆ ಅವರಿಗೆ ತಿಳಿಯದು, ಅವರದು ನನಗೆ ತಿಳಿಯದು. ಆ ಮನೆಯ ಅಜ್ಜಿ ನನ್ನ ಒದ್ದೆ ಕೂದಲನ್ನು ತಮ್ಮ ಸೆರಗಿನಿಂದಲೇ ಒರೆಸಿದರು. ದೊಡ್ಡಪ್ಪ ಇಲ್ಲೇ ಪಕ್ಕದಲ್ಲಿದ್ದಾರೆ, ಹೌದು ಎಂದು ತಲೆ ಆಡಿಸುತ್ತಿದ್ದಾರೆ.

ಯಾಕೆ ಹಾಗಾಗುತ್ತದೆ ಎಂದರೆ ಅಲ್ಲಿನ ಬೆಟ್ಟಗಳು ಬರೀ ಬಂಡೆ. ಮರವಿಲ್ಲ, ಮಣ್ಣಿಲ್ಲ, ಬಿದ್ದ ಮಳೆಯನ್ನು ಹಿಡಿದುಕೊಳ್ಳಲು ಏನೂ ಇಲ್ಲ. ನಮ್ಮ ಸೌಪರ್ಣಿಕೆ ಏರುವಾಗ ಮೊದಲು ಗದ್ದೆಗೆ, ಆಮೇಲೆ ಅಂಗಳಕ್ಕೆ ಎಂದು ಹೇಳಿ ಕೇಳಿ ಬರುತ್ತಾಳೆ. ವಾದಿ ಹಾಗಲ್ಲ. ಎಷ್ಟೋ ಮೈಲಿ ಆಚೆ ಬಿದ್ದ ಮಳೆ ಆ ಕಿರಿದಾದ ಕೊರಕಲಿನಲ್ಲಿ ಒಟ್ಟಾಗಿ, ನೀವು ಬಿಸಿಲಿನಲ್ಲಿ ಕುಳಿತಿರುವಾಗ ಬಂದು ಮುಟ್ಟುತ್ತದೆ. 2024ರ ಏಪ್ರಿಲ್‌ನಲ್ಲಿ ಸಮದ್ ಅಲ್ ಶಾನ್ ಎಂಬಲ್ಲಿ ಶಾಲೆಯ ಮಕ್ಕಳಿದ್ದ ವಾಹನವೇ ಕೊಚ್ಚಿಹೋಯಿತು. ಆ ಸುದ್ದಿ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರ ಮಕ್ಕಳು ಅವರು. ಚಳಿಗಾಲದಲ್ಲಿ ಮಳೆ ಬಾರದು ಎಂದು ಯಾರಾದರೂ ಹೇಳಿದರೆ ನಂಬಬೇಡ, ಬರುತ್ತದೆ. ಆದ್ದರಿಂದ ಬೆಟ್ಟದ ಕಡೆ ಮೋಡ ಕಂಡರೆ ವಾದಿಯೊಳಗೆ ಇಳಿಯಬೇಡಿ. ರಸ್ತೆಗೆ ಅಡ್ಡವಾಗಿ ನೀರು ಹರಿಯುತ್ತಿದ್ದರೆ, ಅದು ಪಾದ ಮುಳುಗುವಷ್ಟೇ ಇದ್ದರೂ, ಕಾರು ದಾಟಿಸಬೇಡಿ.

ನೋಡುವ ಜಾಗಗಳಿಗೆ ಬರುತ್ತೇನೆ. ಮೊದಲು ಮಸ್ಕತ್‌ನ ಸುಲ್ತಾನ್ ಖಾಬೂಸ್ ದೊಡ್ಡ ಮಸೀದಿ. 2001ರಲ್ಲಿ ತೆರೆದದ್ದು. ಅದಕ್ಕೆ ಕಟ್ಟಿದ ಮರಳುಗಲ್ಲು ನಮ್ಮ ಭಾರತದಿಂದ ಹೋದದ್ದು. ಒಳಗೆ ಹಾಸಿದ ರತ್ನಗಂಬಳಿ ಒಂದೇ ತುಂಡಿನ ಹಾಗೆ 70 ಮೀಟರ್ ಉದ್ದ, 60 ಮೀಟರ್ ಅಗಲ. ಇರಾನಿನ ಹೆಂಗಸರು 4 ವರ್ಷ ಕುಳಿತು ಕೈಯಲ್ಲಿ ಗಂಟು ಹಾಕಿದ್ದು. ಹೆಣಿಗೆ, ಹೊಲಿಗೆ ತಿಳಿದ ನಿನ್ನ ಅತ್ತೆ ಅದರ ಮುಂದೆ ಅರ್ಧ ಗಂಟೆ ನಿಂತಾರು, ಅವಸರ ಮಾಡಿಸಬೇಡ. ಹಳೆಯ ಮಸ್ಕತ್‌ನಲ್ಲಿ ಅರಮನೆಯ ಹತ್ತಿರ ಮೋತೀಶ್ವರ ಶಿವ ದೇವಸ್ಥಾನವಿದೆ, ಕಛ್‌ನಿಂದ ಹೋದ ಗುಜರಾತಿ ವ್ಯಾಪಾರಿಗಳು ಕಟ್ಟಿಕೊಂಡದ್ದು. ಶಿವರಾತ್ರಿಗೆ ಅಲ್ಲಿ ಸಾಲು ನಿಂತದ್ದು ನನಗೆ ಈಗಲೂ ನೆನಪಿದೆ. ಅರಮನೆಯ ಎರಡು ಬದಿಗೆ ಪೋರ್ಚುಗೀಸರ ಕಾಲದ ಜಲಾಲಿ, ಮಿರಾನಿ ಕೋಟೆಗಳು. ನಮ್ಮ ಬಸರೂರಿನಲ್ಲಿ ಕೋಟೆ ಕಟ್ಟಿದ ಅದೇ ಪೋರ್ಚುಗೀಸರು. 1650ರಲ್ಲಿ ಒಮಾನಿಗಳು ಅವರನ್ನು ಮಸ್ಕತ್‌ನಿಂದ ಓಡಿಸಿದರು. ಮಂಗಳೂರಿನ ಅಕ್ಕಿ ಹಡಗಿನಲ್ಲಿ ಮಸ್ಕತ್‌ಗೆ ಹೋಗುತ್ತಿದ್ದ ಕಾಲವೊಂದಿತ್ತು, ಟಿಪ್ಪು ಅಲ್ಲಿ ವ್ಯಾಪಾರದ ಕೋಠಿಯನ್ನೇ ಇಟ್ಟಿದ್ದ. ಮಕ್ಕಳಿಗೆ ಇದನ್ನೆಲ್ಲ ಅಲ್ಲಿ ನಿಂತು ಹೇಳು, ಆಗ ಮನಸ್ಸಿನಲ್ಲಿ ಉಳಿಯುತ್ತದೆ. ಸಂಜೆ ಮತ್ರಾ ಮಾರುಕಟ್ಟೆ. ಹೊಗೆಯಾಡುವ ಲೋಬಾನ, ಬೆಳ್ಳಿ, ಒಮಾನಿ ಹಲ್ವ. ಮಧ್ಯಾಹ್ನ ಹೋಗಬೇಡ, ಅಂಗಡಿಗಳು ಮುಚ್ಚಿರುತ್ತವೆ.

ನಿಜ್ವಾ ಬಿಡಲೇಬೇಡ. ಮಸ್ಕತ್‌ನಿಂದ ಸುಮಾರು 160 ಕಿಲೋಮೀಟರ್, ಒಳ್ಳೆಯ ರಸ್ತೆ. ಅಲ್ಲಿನ ಕೋಟೆಯ ದುಂಡನೆಯ ಗೋಪುರ ನೋಡಬೇಕು. ಪೋರ್ಚುಗೀಸರನ್ನು ಓಡಿಸಿದ ಇಮಾಮ್ ಸುಲ್ತಾನ್ ಬಿನ್ ಸೈಫ್ ಕಟ್ಟಿಸಿದ್ದು. ಮುಗಿಯಲು 12 ವರ್ಷ ಬೇಕಾಯಿತು. ಮೆಟ್ಟಿಲಿನ ಮೇಲೆ ಅಲ್ಲಲ್ಲಿ ಕಿಂಡಿಗಳಿವೆ. ಶತ್ರು ಹತ್ತಿ ಬಂದರೆ ಕುದಿಯುವ ಖರ್ಜೂರದ ಪಾಕವನ್ನು ಅಲ್ಲಿಂದ ಸುರಿಯುತ್ತಿದ್ದರು. ಖರ್ಜೂರದ ಚೀಲಗಳನ್ನು ಒಂದರ ಮೇಲೊಂದು ಪೇರಿಸಿ ಪಾಕ ಇಳಿಸುವ ಕೋಣೆಯೂ ಕೋಟೆಯೊಳಗೆ ಇದೆ. ಮಕ್ಕಳಿಗೆ ಅದೊಂದೇ ಸಾಕು.

ನನ್ನ ಮಟ್ಟಿಗೆ ನಿಜ್ವಾದಲ್ಲಿ ಕೋಟೆಗಿಂತ ದೊಡ್ಡದು ಫಲಜ್. ಬೆಟ್ಟದ ಬುಡದ ನೀರನ್ನು ಪಂಪಿಲ್ಲದೆ, ಇಳಿಜಾರಿನಲ್ಲೇ ಕಾಲುವೆ ಮಾಡಿ ಊರಿನ ತನಕ ತಂದಿದ್ದಾರೆ. ಅಂಥ ಐದು ಕಾಲುವೆಗಳನ್ನು ಯುನೆಸ್ಕೊ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ನಿಜ್ವಾದ ಫಲಜ್ ದಾರಿಸ್ ಅದರಲ್ಲೊಂದು. ಪಕ್ಕದಲ್ಲಿ ಕುಳಿತು ಕಾಲು ಇಳಿಬಿಟ್ಟುಕೊಳ್ಳಬಹುದು. ಆ ನೀರು ಮೊದಲು ಕುಡಿಯುವುದಕ್ಕೆ, ಆಮೇಲೆ ಮಸೀದಿಗೆ, ಸ್ನಾನಕ್ಕೆ, ಕಡೆಗೆ ತೋಟಕ್ಕೆ. ಯಾರ ತೋಟಕ್ಕೆ ಎಷ್ಟು ಹೊತ್ತು ಎಂಬುದನ್ನು ಹಗಲು ಕಂಬದ ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಹಂಚಿಕೊಳ್ಳುತ್ತಿದ್ದರು. ಒಂದು ಇಡೀ ಊರು ಒಂದು ಕಾಲುವೆಯನ್ನು ಹಂಚಿಕೊಂಡು ಬಾಳಿತು. ನಮ್ಮಲ್ಲಿ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಒಂದು ಬಾವಿ ಹಂಚಿಕೊಳ್ಳಲು ಆಗಲಿಲ್ಲ.

ಇದನ್ನು ಹೇಳಬಾರದೆಂದು ಇದ್ದೆ, ಬಾಯಿಗೆ ಬಂತು, ಹೇಳಿಯೇ ಬಿಡುತ್ತೇನೆ. ಆ ಬಾವಿಯನ್ನು ಆಳ ಮಾಡಿಸಿದ್ದು ಯಾರ ದುಡ್ಡಿನಲ್ಲಿ? ಪಂಪು ಹಾಕಿಸಿದ್ದು, ಮನೆಯ ಮಾಡಿಗೆ ಹೊಸ ಪಕಾಸು, ರೀಪು ಹೊಡೆಸಿದ್ದು, ನಾಗಬನದ ಕಟ್ಟೆ ಕಟ್ಟಿಸಿದ್ದು? ನಾನು ಅಲ್ಲಿ ಹಬ್ಬಕ್ಕೂ ಒಂದು ಸೀರೆ ತೆಗೆಯದೆ ಉಳಿಸಿದ ರಿಯಾಲ್ ಅದು. ಪಾಲಿನ ಮಾತು ಬಂದಾಗ "ಅವರಿಗೆ ಗಲ್ಫಿನ ದುಡ್ಡು ಇದೆಯಲ್ಲ" ಎಂದು ನಮ್ಮನ್ನು ಪಕ್ಕಕ್ಕೆ ಕೂರಿಸಿದರು. ಈಗ ಏಪ್ರಿಲಿನಲ್ಲಿ ಊರಿಗೆ ಹೋದರೆ ಆ ಬಾವಿಯ ನೀರು ಸೇದಲು ಕೀಲಿಕೈ ಕೇಳಬೇಕು. ಊರಿಗೆ ಬಂದಾಗಲೆಲ್ಲ ಸೂಟ್‌ಕೇಸ್ ಬಿಚ್ಚುವ ಹೊತ್ತಿಗೆ ಎಲ್ಲರೂ ಸೇರುತ್ತಿದ್ದರು. ಟ್ಯಾಂಗ್ ಯಾರಿಗೆ, ನೀಡೊ ಯಾರಿಗೆ, ಕೊಡಲಿ ಚಿತ್ರದ ಎಣ್ಣೆ ಯಾರಿಗೆ. ಅಲ್ಲಿ ಹೇಗಿದ್ದಿರಿ, ಮಕ್ಕಳಿಗೆ ಜ್ವರ ಬಂದಾಗ ಯಾರಿದ್ದರು ಎಂದು ಒಬ್ಬರೂ ಕೇಳಲಿಲ್ಲ. ವಾದಿಯ ಕಥೆಯನ್ನು ಆ ವರ್ಷವೇ ಹೇಳಲು ಹೊರಟಿದ್ದೆ. "ಕಾರು ಹೋಯಿತೇ, ಎಷ್ಟು ಬೆಲೆಯದು" ಎಂದು ಕೇಳಿ ಎದ್ದುಹೋದರು. ನಮ್ಮ ಪ್ರಾಣ ಉಳಿದದ್ದನ್ನು ಕೇಳಿಸಿಕೊಂಡವರು ನಿನ್ನ ಅಮ್ಮ ಒಬ್ಬಳೇ. ಅದಕ್ಕೇ ನಿನಗೆ ಇಷ್ಟು ಹೇಳುತ್ತಿದ್ದೇನೆ. ಈ ಗುಂಪಿನಲ್ಲಿ ಇದನ್ನು ಕೇಳಬೇಕಾದವರೂ ಇದ್ದಾರೆ, ಕೇಳಲಿ.

ಇರಲಿ. ಮರಳುಗಾಡು ನೋಡಬೇಕೆಂದರೆ ಶರ್ಖಿಯಾ ಮರಳು, ಹಳೆಯ ಹೆಸರು ವಹೀಬಾ. ಉತ್ತರದಿಂದ ದಕ್ಷಿಣಕ್ಕೆ ಸುಮಾರು 180 ಕಿಲೋಮೀಟರ್ ಮರಳೇ ಮರಳು. ಬಿದಿಯಾ ಊರಿನಿಂದ ಒಳಗೆ ಹೋಗುವುದು. ಅಳಿಯಂದಿರು ಎಷ್ಟೇ ಚೆನ್ನಾಗಿ ಓಡಿಸಲಿ, ಮರಳಿನಲ್ಲಿ ಸ್ವಂತ ಓಡಿಸುವುದು ಬೇಡ. ಚಕ್ರದ ಗಾಳಿ ಎಷ್ಟು ಇಳಿಸಬೇಕು, ಯಾವ ದಿಬ್ಬವನ್ನು ಹೇಗೆ ಹತ್ತಬೇಕು ಎಂದು ಮರುಭೂಮಿಯಲ್ಲೇ ಬಾಳುವ ಅಲ್ಲಿನ ಬದೂಗಳಿಗೇ ಗೊತ್ತು. ಬಿದಿಯಾದಲ್ಲಿ ಕಾರು ಬಿಟ್ಟು ಶಿಬಿರದವರ ಗಾಡಿಯಲ್ಲೇ ಹೋಗಿ, ಒಂದು ರಾತ್ರಿ ಅಲ್ಲೇ ಉಳಿಯಿರಿ. ಸೂರ್ ಕಡೆಯ ಸಮುದ್ರದ ದಾರಿಯಲ್ಲಿ ಬಿಮ್ಮಾ ಎಂಬಲ್ಲಿ ನೆಲ ಕುಸಿದು ಆದ ಹಸಿರು ನೀಲಿಯ ಕೊಳವಿದೆ. ನಕ್ಷತ್ರ ಬಿದ್ದು ಆಯಿತೆಂದು ಅಲ್ಲಿಯವರು ಕಥೆ ಹೇಳುತ್ತಾರೆ, ಸುಣ್ಣಕಲ್ಲು ಕರಗಿ ಕುಸಿದದ್ದು ಎಂದು ತಿಳಿದವರು ಹೇಳುತ್ತಾರೆ. ಮೆಟ್ಟಿಲು ಇದೆ, ಅತ್ತೆ ಇಳಿಯದೆ ಮೇಲಿನಿಂದಲೇ ನೋಡಲಿ. ನಾವು ಇದ್ದಾಗ ಅಲ್ಲಿಗೆ ಈಗಿನ ಹೆದ್ದಾರಿ ಇರಲಿಲ್ಲ, ಮಣ್ಣಿನ ದಾರಿಯಲ್ಲಿ ಮೈಯೆಲ್ಲ ನೋಯುತ್ತಿತ್ತು. ಅದೇ ದಾರಿಯಲ್ಲಿ ವಾದಿ ಶಾಬ್ ಬರುತ್ತದೆ. ಎಲ್ಲರೂ ಅದರದ್ದೇ ಫೋಟೊ ಹಾಕುತ್ತಾರೆ, ಚಂದವೂ ಹೌದು. ಆದರೆ ದೋಣಿ ದಾಟಿ ಬಂಡೆಗಳ ಮೇಲೆ ಮುಕ್ಕಾಲು ಗಂಟೆ ನಡೆಯಬೇಕು, ಕೊನೆಗೆ ಈಜಬೇಕು. ಚಿಕ್ಕವನನ್ನು ಎತ್ತಿಕೊಂಡು ಅದು ಆಗುವ ಕೆಲಸವಲ್ಲ, ಬಿಡಿ. ಇನ್ನೊಂದು ವಾದಿಗೆ ಹೋಗುವಿರಾದರೆ ಮತ್ತೆ ಹೇಳುತ್ತೇನೆ, ಬೇಸರ ಮಾಡಬೇಡ: ಬೆಟ್ಟದ ಕಡೆ ಮೋಡ ಕಂಡರೆ ಇಳಿಯಬೇಡಿ, ಹರಿಯುವ ನೀರಿನಲ್ಲಿ ಕಾರು ದಾಟಿಸಬೇಡಿ. ಮುಂದಿನ ಕಾರು ದಾಟಿತಲ್ಲ ಎಂದು ಅಳಿಯಂದಿರು ಅಂದರೆ ಕೀಲಿ ಕಿತ್ತುಕೋ. ಬೇಕೆಂದೇ ವಾದಿಗೆ ಕಾರು ಇಳಿಸಿದವರಿಗೆ ಅಲ್ಲಿ ದಂಡವೂ ಇದೆ, ಜೈಲೂ ಇದೆ. ಏನೇ ಆದರೂ 9999ಕ್ಕೆ ಫೋನ್ ಮಾಡಿದರೆ ಪೊಲೀಸರು ಸಿಗುತ್ತಾರೆ. ಆ ಸಂಖ್ಯೆಯನ್ನು ಮೂವರ ಮೊಬೈಲಿನಲ್ಲೂ ಹಾಕಿಡು.

ಅಯ್ಯೋ, ಮುಖ್ಯವಾದದ್ದನ್ನೇ ಬಿಟ್ಟೆ. ದೊಡ್ಡಪ್ಪ ಈಗ ನೆನಪು ಮಾಡಿದರು. ಹೋಟೆಲ್ ಕಾದಿರಿಸುವ ಮೊದಲು ಶುಕ್ರವಾರ ಯಾವ ದಿನಕ್ಕೆ ಬರುತ್ತದೆ ನೋಡು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ದೊಡ್ಡ ಮಸೀದಿಯಲ್ಲಿ ನಮ್ಮಂಥವರಿಗೆ ಶನಿವಾರದಿಂದ ಗುರುವಾರದವರೆಗೆ ಬೆಳಿಗ್ಗೆ 8ರಿಂದ 11ರ ತನಕ ಮಾತ್ರ ಪ್ರವೇಶ, ಶುಕ್ರವಾರ ಇಲ್ಲವೇ ಇಲ್ಲ. ನಿಜ್ವಾದ ಆಡಿನ ಸಂತೆ ನಡೆಯುವುದು ಶುಕ್ರವಾರ ಬೆಳಿಗ್ಗೆಯೇ. ಕೋಟೆಯ ಬುಡದಲ್ಲಿ, ಆಡನ್ನು ಹಗ್ಗ ಹಿಡಿದು ಸುತ್ತಿಸಿ ಬೆಲೆ ಕೂಗುತ್ತಾರೆ. ಬಿಸಿಲು ಏರುವಷ್ಟರಲ್ಲಿ ಮುಗಿಯುತ್ತದೆ. ಆದ್ದರಿಂದ ಗುರುವಾರ ರಾತ್ರಿ ನಿಜ್ವಾದಲ್ಲಿ ಮಲಗುವ ಹಾಗೆ ದಿನ ಹೊಂದಿಸು, ಮಸೀದಿಯನ್ನು ಬೇರೆ ದಿನಕ್ಕೆ ಇಟ್ಟುಕೋ. ನಿನಗೂ ಅತ್ತೆಗೂ ತಲೆಗೆ ಶಾಲು, ಪೂರ್ತಿ ತೋಳಿನ ರವಿಕೆ ಅಥವಾ ಚೂಡಿದಾರ ಬೇಕು. ಅಲ್ಲೇ ಹುಡುಕುತ್ತ ಹೊತ್ತು ಕಳೆಯಬೇಡಿ, ಇಲ್ಲಿಂದಲೇ ಒಯ್ಯಿರಿ.

ಇನ್ನೊಂದು, ನಿಜ್ವಾದ ಹತ್ತಿರ ಜಬಲ್ ಅಖ್ದರ್ ಬೆಟ್ಟಕ್ಕೆ ಹತ್ತುವ ಮನಸ್ಸಿದ್ದರೆ ಮೊದಲೇ ನಾಲ್ಕು ಚಕ್ರವೂ ಎಳೆಯುವ ಗಾಡಿಯನ್ನು ಬಾಡಿಗೆಗೆ ಹೇಳಬೇಕು. ಬಿರ್ಕತ್ ಅಲ್ ಮೌಝ್‌ನಲ್ಲಿ ಪೊಲೀಸ್ ಚೌಕಿ ಇದೆ, ಸಾಧಾರಣ ಕಾರನ್ನು ಅಲ್ಲಿಂದಲೇ ಹಿಂದಕ್ಕೆ ಕಳುಹಿಸುತ್ತಾರೆ. ಡಿಸೆಂಬರಿನಲ್ಲಿ ಅಲ್ಲಿ ಗುಲಾಬಿಯೂ ಇರುವುದಿಲ್ಲ, ದಾಳಿಂಬೆಯೂ ಇರುವುದಿಲ್ಲ, ಚಳಿ ಮಾತ್ರ ಗಟ್ಟಿ. ಅತ್ತೆಯ ಮೊಣಕಾಲು ನೋಡಿಕೊಂಡು ತೀರ್ಮಾನಿಸು. ಅವರ ಮಾತ್ರೆಗಳಿಗೆ ವೈದ್ಯರ ಚೀಟಿಯನ್ನು ಜೊತೆಗೆ ಇಟ್ಟುಕೋ. ಟಿಕೆಟ್ ಆದ ಕೂಡಲೇ ತಾರೀಖುಗಳನ್ನು ನನಗೆ ಕಳುಹಿಸು. ದೊಡ್ಡಪ್ಪ ದಾರಿಯನ್ನು ಕಾಗದದಲ್ಲಿ ಬರೆದು ಫೋಟೊ ತೆಗೆದು ಹಾಕುತ್ತಾರಂತೆ.